ಚಳಿಗಾಲಕ್ಕೆ ಗಲ್ಫಿಗೆ ಹೊರಟವರಿಗೆ: ಕಡಲಂಚಿನ ಜೌಗಿನಲ್ಲಿ ಹಕ್ಕಿ ನೋಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾವ ಊರಿಗೆ ಹೋದರೂ ಚಳಿಗಾಲದಲ್ಲಿ ಎರಡು ಮೂರು ತಿಂಗಳು ಮಕ್ಕಳ ಮನೆಗೆಂದು ದುಬೈ, ಅಬುಧಾಬಿ, ಮಸ್ಕತ್‌ಗೆ ಹೋಗಿ ಬರುವ ಹಿರಿಯರು ಸಿಗುತ್ತಾರೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಫ್ಲ್ಯಾಟಿನಲ್ಲಿ ಹೊತ್ತು ಹೋಗದೆ ಕಷ್ಟಪಡುವವರೇ ಹೆಚ್ಚು. ತೋಟದಲ್ಲಿ, ಗದ್ದೆಯಲ್ಲಿ, ಅಳಿವೆಯ ಬದಿಯಲ್ಲಿ ಹಕ್ಕಿ ನೋಡಿ ಅಭ್ಯಾಸ ಇರುವವರಿಗೆ ಈ ತಿಂಗಳುಗಳು ಬಹಳ ಒಳ್ಳೆಯ ಅವಕಾಶ. ಹೊರಡುವ ಮೊದಲು ಜನ ಕೇಳುವ ಪ್ರಶ್ನೆಗಳು, ಅವಕ್ಕೆ ಉತ್ತರಗಳು ಇಲ್ಲಿವೆ.

ಕುಂಬಳೆ, ಶಿರಿಯ, ಮೊಗ್ರಾಲ್ ಅಳಿವೆಗಳಲ್ಲೇ ಹಕ್ಕಿ ಇರುವಾಗ ಅಲ್ಲಿ ಹೋಗಿ ನೋಡುವುದು ಏನಿದೆ?

ಹೆಚ್ಚಿನ ಹಕ್ಕಿಗಳು ಅವೇ. ಉತ್ತರದ ಹಿಮನಾಡಿನಿಂದ, ಮಧ್ಯ ಏಷ್ಯಾದಿಂದ ಇಳಿಯುವ ದಡದ ಹಕ್ಕಿಗಳಲ್ಲಿ ಒಂದಷ್ಟು ನಮ್ಮ ಪಶ್ಚಿಮ ಕರಾವಳಿಗೆ ಬಂದರೆ ಒಂದಷ್ಟು ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ ಉಳಿಯುತ್ತವೆ. ಸ್ಯಾಂಡ್ ಪ್ಲೋವರ್, ಟೆರೆಕ್ ಸ್ಯಾಂಡ್‌ಪೈಪರ್, ಕರ್ಲ್ಯೂ, ರೀಫ್ ಹೆರಾನ್, ಕ್ಯಾಸ್ಪಿಯನ್ ರೀವ ಎರಡೂ ಕಡೆ ಉಂಟು. ವ್ಯತ್ಯಾಸ ಇರುವುದು ಸಂಖ್ಯೆಯಲ್ಲಿ ಮತ್ತು ನೋಟದ ಅನುಕೂಲದಲ್ಲಿ. ನಮ್ಮ ಅಳಿವೆಗಳು ಕಿರಿದು, ದೋಣಿ, ಮರಳು, ಬಲೆಗಳ ಗಲಾಟೆ ಹೆಚ್ಚು, ಹಕ್ಕಿ ಒಂದೆಡೆ ನಿಲ್ಲುವುದಿಲ್ಲ. ಅಲ್ಲಿನ ಕೆಸರು ಬಯಲು ಕಿಲೋಮೀಟರುಗಟ್ಟಲೆ ಹರಡಿಕೊಂಡಿರುತ್ತದೆ, ರಕ್ಷಿತ ಜಾಗಗಳಿಗೆ ಜನ ಇಳಿಯುವಂತಿಲ್ಲ. ಹಾಗಾಗಿ ಒಂದೇ ಗುಂಪನ್ನು ಒಂದು ಗಂಟೆ ಕೂತು ನೋಡಬಹುದು. ಊರಿನಲ್ಲಿ ಗುರುತಿಸಲಾಗದೆ ಬಿಟ್ಟ ಹಕ್ಕಿಗಳನ್ನು ಅಲ್ಲಿ ಕಲಿತು ಬಂದರೆ ಮುಂದಿನ ವರ್ಷ ಶಿರಿಯದಲ್ಲಿ ಅವು ಹೆಸರು ಸಮೇತ ಕಾಣಿಸುತ್ತವೆ.

ಹೊರಡುವ ಮೊದಲು, ನವೆಂಬರಿನಲ್ಲಿ ನಾಲ್ಕು ಬೆಳಗ್ಗೆಯಾದರೂ ಹತ್ತಿರದ ಅಳಿವೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ. ಹೊಸ ದುರ್ಬೀನಿನ ಸ್ಕ್ರೂ ಎಲ್ಲಿದೆ ಎಂದು ದುಬೈಯಲ್ಲಿ ಹುಡುಕುವುದು ಬೇಡ.

ಯಾವ ತಿಂಗಳು ಹೋಗುವುದು ಒಳ್ಳೆಯದು?

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹಕ್ಕಿ ಇದ್ದೇ ಇರುತ್ತದೆ. ಅರುವತ್ತು ದಿನದ ವೀಸಾ ಮಾತ್ರ ಇದ್ದರೆ ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಎಂದು ನಮ್ಮ ಸಲಹೆ. ಜನವರಿಯಲ್ಲಿ ಎಲ್ಲವೂ ಬೂದು ಬಣ್ಣದ ಚಳಿಗಾಲದ ಗರಿಯಲ್ಲಿರುತ್ತವೆ, ಆಗ ಕಲಿಯುವುದು ಆಕಾರ ಮತ್ತು ನಡೆ. ಮಾರ್ಚ್ ಹೊತ್ತಿಗೆ ಸ್ಯಾಂಡ್ ಪ್ಲೋವರಿನ ಎದೆಗೆ ಇಟ್ಟಿಗೆ ಬಣ್ಣ ಏರತೊಡಗುತ್ತದೆ, ಗಾಡ್‌ವಿಟ್‌ಗಳ ಕತ್ತು ಕೆಂಪಾಗುತ್ತದೆ. ಆ ಬದಲಾವಣೆಯನ್ನು ವಾರ ವಾರ ನೋಡುವುದು ದೀರ್ಘಕಾಲ ಉಳಿದವರಿಗೆ ಮಾತ್ರ ಸಾಧ್ಯ, ಐದು ದಿನದ ಪ್ರವಾಸಿಗೆ ಅಲ್ಲ.

ಅಡಿಕೆ ಕೊಯ್ಲು, ಮನೆಯ ನೇಮ-ಕೋಲ ಎರಡೂ ಇದೇ ತಿಂಗಳುಗಳಲ್ಲಿ ಬೀಳುತ್ತವೆ ಎಂಬುದು ನಮ್ಮವರ ಖಾಯಂ ಸಮಸ್ಯೆ. ಅದಕ್ಕೆ ಹಕ್ಕಿಗಳ ಬಳಿ ಪರಿಹಾರವಿಲ್ಲ. ನವೆಂಬರ್-ಡಿಸೆಂಬರ್ ಆದರೂ ನಷ್ಟವಿಲ್ಲ ಎಂದು ಮಾತ್ರ ಹೇಳಬಹುದು.

ಎಲ್ಲಿಗೆ ಹೋಗಬೇಕು?

ಮಕ್ಕಳ ಮನೆ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ.

ದುಬೈಯಲ್ಲಿದ್ದರೆ ರಾಸ್ ಅಲ್ ಖೋರ್. ದುಬೈ ಕ್ರೀಕಿನ ಒಳತುದಿಯಲ್ಲಿ, ನಗರದ ನಡುವೆಯೇ ಇರುವ ಈ ಜೌಗು 2007ರಲ್ಲಿ ಜಗತ್ತಿನ ಮುಖ್ಯ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರಿತು. ಒಳಗೆ ನಡೆದು ಹೋಗುವಂತಿಲ್ಲ, ಅಂಚಿನಲ್ಲಿ ಕಟ್ಟಿದ ಹೈಡ್ ಎಂಬ ಮರೆಮನೆಗಳಿಂದಲೇ ನೋಡಬೇಕು. ಫ್ಲೆಮಿಂಗೊ ಹೈಡ್ ಪಶ್ಚಿಮದ ಬದಿಯಲ್ಲಿದೆ, ಮ್ಯಾಂಗ್ರೋವ್ ಹೈಡ್ ದಕ್ಷಿಣದ ಬದಿಯಲ್ಲಿ, ರಾಸ್ ಅಲ್ ಖೋರ್ ರಸ್ತೆಗೆ ತಾಗಿಕೊಂಡಂತೆ. ಫ್ಲೆಮಿಂಗೊ ಅಂದರೆ ರಾಜಹಂಸಗಳು ಇಲ್ಲಿ ಅಷ್ಟು ಹತ್ತಿರ ಬರುವುದಕ್ಕೆ ಅವಕ್ಕೆ ಮೇವು ಹಾಕುವುದೂ ಒಂದು ಕಾರಣ. ಬಂದವರೆಲ್ಲ ಅವುಗಳ ಫೋಟೊ ಹೊಡೆದು ಹತ್ತು ನಿಮಿಷದಲ್ಲಿ ಹೊರಡುತ್ತಾರೆ. ನೀವು ಅವುಗಳ ಕಾಲ ಬುಡದಲ್ಲಿ ಓಡಾಡುವ ಸಣ್ಣ ಹಕ್ಕಿಗಳನ್ನು ನೋಡಿ. ಬ್ರಾಡ್-ಬಿಲ್ಡ್ ಸ್ಯಾಂಡ್‌ಪೈಪರ್ ಎಂಬ ಅಪರೂಪದ ಹಕ್ಕಿ ಚಳಿಗಾಲ ಕಳೆಯುವ ಹೆಸರಾಂತ ಜಾಗ ಇದು. ಕಾಂಡ್ಲಾ ಅಂದರೆ ಮ್ಯಾಂಗ್ರೋವ್ ಮರಗಳ ನೆತ್ತಿಯಲ್ಲಿ ಗ್ರೇಟರ್ ಸ್ಪಾಟೆಡ್ ಈಗಲ್ ಕೂತಿರುತ್ತದೆ, ಅದು ಏಳುತ್ತಿದ್ದಂತೆ ಇಡೀ ಜೌಗೇ ಗಾಳಿಗೇಳುತ್ತದೆ.

ಅಬುಧಾಬಿಯಲ್ಲಿದ್ದರೆ ಅಲ್ ವತ್ಬಾ. ಶುದ್ಧೀಕರಿಸಿದ ಕೊಳಚೆ ನೀರು ತಗ್ಗಿನಲ್ಲಿ ನಿಂತು ಆದ ಉಪ್ಪು ಕೆರೆ ಇದು. 1998ರಲ್ಲಿ ಇಲ್ಲಿ ರಾಜಹಂಸಗಳು ಮರಿ ಮಾಡಿದವು, ಅದೇ ವರ್ಷ ರಕ್ಷಿತ ಪ್ರದೇಶವಾಯಿತು, 2013ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ನಡೆಯಲು ದಾರಿ ಇದೆ. ವಾರದ ಎಲ್ಲ ದಿನವೂ ಬಾಗಿಲು ತೆರೆದಿರುತ್ತದೆ ಎಂದು ನಂಬಿ ಹೋಗಬೇಡಿ, ಮೊದಲೇ ವಿಚಾರಿಸಿ.

ಶಾರ್ಜಾ, ಅಜ್ಮಾನ್ ಕಡೆಯವರಿಗೆ ಉಮ್ಮುಲ್ ಖುವೈನ್‌ನ ಖೋರ್ ಅಲ್ ಬೈದಾ ಹತ್ತಿರ. ಏಡಿ ತಿನ್ನುವ ಕ್ರ್ಯಾಬ್ ಪ್ಲೋವರ್, ಗ್ರೇಟ್ ನಾಟ್ ಎರಡಕ್ಕೂ ಅದು ಪ್ರಸಿದ್ಧ. ಪೂರ್ವ ಕರಾವಳಿಯ ಖೋರ್ ಕಲ್ಬಾದಲ್ಲಿ ಹಳೆಯ ಕಾಂಡ್ಲಾ ಕಾಡಿದೆ. ಅಲ್ಲಿನ ಕಾಲರ್ಡ್ ಮಿಂಚುಳ್ಳಿಯ ಉಪಜಾತಿಗೆ ಊರಿನ ಹೆಸರನ್ನೇ ಸೇರಿಸಿ ‘ಕಲ್ಬಾಯೆನ್ಸಿಸ್’ ಎಂದು ಕರೆದಿದ್ದಾರೆ, ಆ ಊರು ಮತ್ತು ಅದಕ್ಕೆ ತಾಗಿದ ಒಮಾನಿನ ಒಂದೆರಡು ಕಾಂಡ್ಲಾ ತುಂಡುಗಳನ್ನು ಬಿಟ್ಟರೆ ಅದು ಬೇರೆಲ್ಲೂ ಇಲ್ಲ.

ಮಸ್ಕತ್‌ನಲ್ಲಿ ಕುರ್ಮ್ ರಕ್ಷಿತ ವನ, ಇದು 2013ರಲ್ಲಿ ಒಮಾನಿನ ಮೊದಲ ರಾಮ್ಸರ್ ತಾಣವಾಯಿತು. ಕುರ್ಮ್ ಎಂದರೇ ಅರಬಿಯಲ್ಲಿ ಕಾಂಡ್ಲಾ. ಸಲಾಲಾದಲ್ಲಿ ಮಕ್ಕಳಿದ್ದರೆ ನಿಮ್ಮ ಅದೃಷ್ಟ: ತೀರದುದ್ದಕ್ಕೂ ಸಿಹಿನೀರು ಸೇರುವ ಖೋರ್‌ಗಳ, ಅಂದರೆ ಕಡಲಿನ ಹಿನ್ನೀರುಗಳ, ಸಾಲೇ ಇದೆ. ಬರ್ ಅಲ್ ಹಿಕ್ಮಾನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮಸೀರಾ ದ್ವೀಪದ ಎದುರಿನ ಆ ಕೆಸರು ಬಯಲಿನಲ್ಲಿ ಚಳಿಗಾಲಕ್ಕೆ ಐದು ಲಕ್ಷದಷ್ಟು ದಡದ ಹಕ್ಕಿಗಳು ಸೇರುತ್ತವೆ ನಿಜ. ಆದರೆ ಮಸ್ಕತ್‌ನಿಂದ ಬೆಳಗ್ಗೆ ಹೋಗಿ ಸಂಜೆ ಬರುವ ಜಾಗ ಅಲ್ಲ, ದಾರಿ ಗೊತ್ತಿರುವವರ, ನಾಲ್ಕು-ಚಕ್ರ ಚಾಲನೆಯ ಎರಡು ಗಾಡಿಗಳು ಜೊತೆಗಿರಬೇಕು.

ಬಹ್ರೇನಿನಲ್ಲಿರುವವರಿಗೆ ತುಬ್ಲಿ ಕೊಲ್ಲಿ, 1997ರಿಂದ ರಾಮ್ಸರ್ ತಾಣ. ಕತಾರಿನಲ್ಲಿ ಅಲ್ ಖೋರ್ ಹತ್ತಿರದ ಅಲ್ ಥಕೀರಾ ಕಾಂಡ್ಲಾ.

ಇಷ್ಟು ಜಾಗ ಇರುವಾಗ ಎಲ್ಲವನ್ನೂ ನೋಡಿ ಬರುವುದು ಹೇಗೆ?

ಬೇಡ. ಮನೆಯಿಂದ ಅರ್ಧ ಗಂಟೆಯೊಳಗಿನ ಒಂದು ಜೌಗು ಆರಿಸಿಕೊಂಡು ಅಲ್ಲಿಗೇ ವಾರಕ್ಕೆ ಎರಡು ಸಲ ಹೋಗಿ. ಮೂರನೇ ಭೇಟಿಯ ಹೊತ್ತಿಗೆ ಯಾವ ನೀರಿನಲ್ಲಿ ಹಕ್ಕಿ ಎಲ್ಲಿರುತ್ತದೆ ಎಂದು ತಿಳಿಯುತ್ತದೆ, ಆರನೆಯ ಹೊತ್ತಿಗೆ ಹೊಸದಾಗಿ ಬಂದದ್ದು ಕಣ್ಣಿಗೆ ತಾನಾಗಿ ಬೀಳುತ್ತದೆ. ದೂರದ ಜಾಗಗಳು ಮಕ್ಕಳಿಗೆ ರಜೆ ಇರುವ ದಿನಕ್ಕಿರಲಿ. ಯುಎಇಯಲ್ಲಿ 2022ರಿಂದ ರಜೆ ಶನಿವಾರ-ಭಾನುವಾರ, ಶುಕ್ರವಾರ ಅರ್ಧ ದಿನ, ಶಾರ್ಜಾದ ಸರ್ಕಾರಿ ಕಚೇರಿ, ಶಾಲೆಗಳಿಗೆ ಮಾತ್ರ ಶುಕ್ರವಾರವೂ ಪೂರ್ತಿ ರಜೆ. ಒಮಾನ್, ಕತಾರ್, ಬಹ್ರೇನ್‌ಗಳಲ್ಲಿ ಶುಕ್ರ-ಶನಿ.

ಭರತ-ಇಳಿತ ನೋಡಿಕೊಂಡು ಹೋಗಬೇಕು ಎನ್ನುತ್ತಾರೆ. ಅಷ್ಟು ಮುಖ್ಯವೇ?

ಗಡಿಯಾರಕ್ಕಿಂತ ಮುಖ್ಯ. ಹೋಗಿ ಬರಿಗೈಯಲ್ಲಿ ಬಂದವರಲ್ಲಿ ಮುಕ್ಕಾಲು ಪಾಲು ಜನ ಮಾಡುವ ತಪ್ಪು ಇದೊಂದೇ.

ಇಳಿತದಲ್ಲಿ ಕೆಸರು ಬಯಲು ಪೂರ್ತಿ ತೆರೆದುಕೊಂಡಾಗ ಹಕ್ಕಿ ಮೇಯುತ್ತಾ ನೀರಿನ ಅಂಚಿನ ಜೊತೆಗೇ ದೂರ ಹೋಗುತ್ತದೆ. ಒಂದು ಕಿಲೋಮೀಟರ್ ಆಚೆಯ ಚುಕ್ಕೆಗಳನ್ನು ಯಾವ ದುರ್ಬೀನೂ ಗುರುತಿಸಿ ಕೊಡದು. ನೀರು ಏರುತ್ತಾ ಬಂದಂತೆ ಅವು ನಿಮ್ಮ ಕಡೆಗೆ ಹಿಂದೆ ಸರಿಯುತ್ತವೆ. ಪೂರ್ಣ ಭರತಕ್ಕೆ ಎರಡು ಗಂಟೆ ಮೊದಲು ಹೋಗಿ ಕೂರಿ, ಭರತವಾಗಿ ಅರ್ಧ ಗಂಟೆಯವರೆಗೆ ಇರಿ. ಮೊದಲ ಒಂದೂವರೆ ಗಂಟೆ ಮೇಯುವ ಹಕ್ಕಿ ನೋಡಲು ಸಿಗುತ್ತದೆ, ಕೊನೆಯ ಒಂದು ಗಂಟೆ ಒಟ್ಟಿಗೆ ನಿಂತು ವಿಶ್ರಮಿಸುವ ಗುಂಪು. ಎಣಿಸುವುದಿದ್ದರೆ ಆ ಕೊನೆಯ ಗಂಟೆಯಲ್ಲೇ.

ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಏರಿಳಿತ ಅತಿ ದೊಡ್ಡದು, ಅಷ್ಟಮಿಯ ಆಸುಪಾಸು ಸಣ್ಣದು. ಇದು ನಮ್ಮ ಮೀನುಗಾರರಿಗೆ ಗೊತ್ತಿರುವ ಲೆಕ್ಕವೇ, ಪಂಚಾಂಗ ಜೊತೆಗಿದ್ದರೆ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದೇ ಜಾಗದಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತ ಯಾವಾಗಲೂ ಹೆಚ್ಚುಕಡಿಮೆ ಒಂದೇ ಗಂಟೆಗೆ ಬರುತ್ತದೆ. ಅದನ್ನು ಒಮ್ಮೆ ಬರೆದಿಟ್ಟುಕೊಂಡರೆ ಎರಡು ತಿಂಗಳ ಯೋಜನೆ ಆಯಿತು.

ಮೊಬೈಲಿನಲ್ಲಿ ಸಿಗುವ ಭರತ-ಇಳಿತದ ಪಟ್ಟಿಯನ್ನು ಮೂರು ಕಾರಣಕ್ಕೆ ಪೂರ್ತಿ ನಂಬುವಂತಿಲ್ಲ. ಪಟ್ಟಿ ಇರುವುದು ಹೊರ ಬಂದರಿಗೆ. ಖೋರ್‌ನ ಒಳತುದಿಗೆ ನೀರು ತಡವಾಗಿ ತಲಪುತ್ತದೆ. ಗಲ್ಫಿನ ಒಳಗೆ ದಿನದ ಎರಡು ಭರತಗಳು ಸಮನಾಗಿರುವುದಿಲ್ಲ, ಒಂದು ದೊಡ್ಡದಾದರೆ ಇನ್ನೊಂದು ಹೆಸರಿಗೆ ಮಾತ್ರ. ಗಂಟೆ ಮಾತ್ರವಲ್ಲ, ಎಷ್ಟು ಮೀಟರ್ ಎಂಬುದನ್ನೂ ನೋಡಿ. ಮೂರನೆಯದು ಗಾಳಿ: ವಾಯವ್ಯದಿಂದ ಶಮಾಲ್ ಬೀಸಿ ನೀರನ್ನು ತೀರಕ್ಕೆ ಒತ್ತಿದರೆ ಪಟ್ಟಿಯಲ್ಲಿ ಇಳಿತ ಎಂದಿದ್ದರೂ ಕೆಸರು ತೆರೆದುಕೊಳ್ಳದು. ಮೊದಲ ಎರಡು ಭೇಟಿಯಲ್ಲಿ ಒಂದು ಕಲ್ಲನ್ನೋ ಗೂಟವನ್ನೋ ಗುರುತು ಇಟ್ಟು, ನೀರು ಅದನ್ನು ಮುಟ್ಟಿದ ಹೊತ್ತು ಬರೆದುಕೊಂಡರೆ ನಿಮ್ಮ ಜಾಗದ್ದೇ ಪಟ್ಟಿ ಸಿದ್ಧ.

ಅಲ್ ವತ್ಬಾದಂಥ ಒಳನಾಡಿನ ಕೆರೆಗೆ ಇದ್ಯಾವುದೂ ಅನ್ವಯಿಸದು.

ಬೆಳಗ್ಗೆಯೋ ಸಂಜೆಯೋ?

ಭರತ ಎರಡಕ್ಕೂ ಹೊಂದಿದರೆ ಸೂರ್ಯ ನಿಮ್ಮ ಬೆನ್ನಿಗಿರುವ ಹೊತ್ತು. ಪಶ್ಚಿಮ ದಂಡೆಯಿಂದ ನೋಡುವ ಫ್ಲೆಮಿಂಗೊ ಹೈಡಿಗೆ ಮಧ್ಯಾಹ್ನ ಮೂರರ ಮೇಲೆ ಹೋಗಬೇಕು. ಬೆಳಗ್ಗೆ ಹೋದರೆ ಎಲ್ಲವೂ ಕಪ್ಪು ನೆರಳು. ದಕ್ಷಿಣದಿಂದ ಉತ್ತರಕ್ಕೆ ನೋಡುವ ಮ್ಯಾಂಗ್ರೋವ್ ಹೈಡಿನಲ್ಲಿ ಚಳಿಗಾಲದ ಸೂರ್ಯ ಹೆಚ್ಚಿನ ಹೊತ್ತು ಹಿಂದೆಯೇ ಇರುತ್ತಾನೆ.

ಜನವರಿಯಲ್ಲಿ ದುಬೈಯಲ್ಲಿ ಸೂರ್ಯ ಮೂಡುವುದು ಏಳು ಗಂಟೆಗೆ, ಮುಳುಗುವುದು ಆರರ ಆಸುಪಾಸು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೆಲವು ಬೆಳಗ್ಗೆ ದಟ್ಟ ಮಂಜು ಇರುತ್ತದೆ. ಆ ದಿನ ಹೆದ್ದಾರಿಯಲ್ಲಿ ಆತುರ ಬೇಡ, ಮಂಜು ಕರಗಿಸಿಕೊಂಡು ಹೋಗಿ. ಹತ್ತು ಗಂಟೆಯ ಮೇಲೆ ನೆಲ ಕಾದು ಗಾಳಿ ಕುಣಿಯತೊಡಗುತ್ತದೆ, ದೂರದ ಹಕ್ಕಿ ನೀರಿನಲ್ಲಿ ಅಲುಗಾಡುವ ಬಿಂಬದಂತೆ ಕಾಣುತ್ತದೆ. ಆಗ ಸ್ಕೋಪಿನಲ್ಲಿ (ಟ್ರೈಪಾಡಿನ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ) 60 ಪಟ್ಟು ಹಿಗ್ಗಿಸಿದರೆ ಆ ಕುಣಿತವೂ 60 ಪಟ್ಟು ಹಿಗ್ಗುತ್ತದೆ. 25-30ಕ್ಕೆ ಇಳಿಸಿ, ಹತ್ತಿರದ್ದನ್ನು ಮಾತ್ರ ನೋಡಿ.

ಯಾವ ದುರ್ಬೀನು?

8x42. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಹತ್ತು ಪಟ್ಟಿನದು ಕೆಸರು ಬಯಲಿಗೆ ಚೆನ್ನ ಎಂಬ ವಾದವೂ ಇದೆ, ಅದು ತಪ್ಪಲ್ಲ. ಆದರೆ ಕೈ ಸ್ವಲ್ಪ ನಡುಗುವ ವಯಸ್ಸಿನವರಿಗೆ ಹತ್ತರಲ್ಲಿ ನಡುಕವೂ ಹೆಚ್ಚು ಕಾಣುತ್ತದೆ. 42ನ್ನು ಎಂಟರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿ.ಮೀ., ಹತ್ತರಿಂದ ಭಾಗಿಸಿದರೆ 4.2. ಮುಸ್ಸಂಜೆಯಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಕನ್ನಡಕ ಹಾಕುವವರು ಕಣ್ಣಿನ ಬಟ್ಟಲನ್ನು ಒಳಕ್ಕೆ ತಿರುಗಿಸಿ ಇಡಬೇಕು. ಇದು ಗೊತ್ತಿಲ್ಲದೆ ‘ಸುತ್ತ ಕಪ್ಪು ಕಾಣುತ್ತದೆ’ ಎಂದು ಒಳ್ಳೆಯ ದುರ್ಬೀನನ್ನೇ ದೂರುವವರಿದ್ದಾರೆ.

ಬಲಗಣ್ಣಿನ ಹೊಂದಾಣಿಕೆ ಒಮ್ಮೆ ಮಾಡಿಕೊಳ್ಳಿ. ಬಲದ ಗಾಜನ್ನು ಕೈಯಿಂದ ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿಪಡಿಸಿ. ಅನಂತರ ಎಡದ್ದನ್ನು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲ ಬಟ್ಟಲಿನ ಉಂಗುರ ತಿರುಗಿಸಿ ಬಲಗಣ್ಣಿಗೆ ಸರಿಪಡಿಸಿ. ಉಂಗುರ ನಿಂತ ಅಂಕ ನೆನಪಿಡಿ, ಮೊಮ್ಮಕ್ಕಳು ತಿರುಗಿಸಿಯೇ ತಿರುಗಿಸುತ್ತಾರೆ.

ಸ್ಕೋಪ್ ಬೇಕೇ?

ಹೈಡ್‌ಗಳಿಂದ ನೋಡುವುದಾದರೆ ದುರ್ಬೀನು ಸಾಕು. ತೆರೆದ ಕೆಸರು ಬಯಲಿಗೆ 65 ಅಥವಾ 80 ಮಿ.ಮೀ. ಗಾಜಿನ, 20-60 ಪಟ್ಟಿನ ಸ್ಕೋಪ್ ಇದ್ದರೆ ಮಾತ್ರ ಸಣ್ಣ ಹಕ್ಕಿಗಳ ಲೆಕ್ಕ ಸಿಗುತ್ತದೆ. ಟ್ರೈಪಾಡಿನ ನಡುಕಂಬ ಎತ್ತಬೇಡಿ, ಗಾಳಿಗೆ ನಡುಗುತ್ತದೆ. ಕಾಲುಗಳನ್ನು ಅಗಲಿಸಿ ತಗ್ಗಿಸಿ, ನಡುವಿನ ಕೊಕ್ಕೆಗೆ ಚೀಲ ತೂಗುಹಾಕಿ, ಮಡಚುವ ಸ್ಟೂಲಿನಲ್ಲಿ ಕೂತು ನೋಡಿ. ಬೆನ್ನಿಗೂ ಅದೇ ಹಿತ.

ವಿಮಾನದಲ್ಲಿ ಇದನ್ನೆಲ್ಲ ಒಯ್ಯಬಹುದೇ?

ಮಂಗಳೂರು, ಕಣ್ಣೂರು ಎರಡು ಕಡೆಯಿಂದಲೂ ಒಯ್ಯಬಹುದು. ದುರ್ಬೀನು, ಸ್ಕೋಪ್, ಬ್ಯಾಟರಿಗಳು ಕೈಚೀಲದಲ್ಲಿ, ಟ್ರೈಪಾಡ್ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ. ಬೆಲೆಬಾಳುವ ಕ್ಯಾಮೆರಾ, ಲೆನ್ಸ್ ಇದ್ದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಇಲ್ಲದಿದ್ದರೆ ಮರಳುವಾಗ ಅದನ್ನು ಅಲ್ಲೇ ಕೊಂಡದ್ದೆಂದು ಸುಂಕ ಕೇಳಬಹುದು. ಬಿಲ್ಲಿನ ಫೋಟೊ ಮೊಬೈಲಿನಲ್ಲಿರಲಿ.

ದಡದ ಹಕ್ಕಿಗಳೆಲ್ಲ ಒಂದೇ ಥರ ಬೂದು. ಗುರುತಿಸುವುದು ಹೇಗೆ?

ಬಣ್ಣವನ್ನು ಮರೆತುಬಿಡುವುದೇ ಮೊದಲ ಹೆಜ್ಜೆ. ಗಾತ್ರ, ಕೊಕ್ಕು, ಮೇಯುವ ರೀತಿ, ಹಾರುವಾಗ ರೆಕ್ಕೆ ಮತ್ತು ಬೆನ್ನಿನ ಬಿಳಿ: ಈ ಅನುಕ್ರಮದಲ್ಲಿ ನೋಡಿ. ಗಾತ್ರ ಒಂಟಿ ಹಕ್ಕಿಯಲ್ಲಿ ಗೊತ್ತಾಗದು, ಪಕ್ಕದಲ್ಲಿ ಗುರುತಿರುವ ಹಕ್ಕಿ ಬೇಕು. ಮೆಟ್ಟುಗಾಲು ಹಕ್ಕಿ ಎಲ್ಲೆಡೆ ಇರುವುದರಿಂದ ಅದನ್ನೇ ಅಳತೆಕೋಲು ಮಾಡಿಕೊಳ್ಳಿ. ಕೊಕ್ಕಿನ ಉದ್ದವನ್ನು ಆ ಹಕ್ಕಿಯ ತಲೆಯ ಉದ್ದದ ಜೊತೆ ಹೋಲಿಸಿ.

ಓಡಿ, ಗಕ್ಕನೆ ನಿಂತು, ಬಾಗಿ ಕುಕ್ಕುವುದು ಪ್ಲೋವರ್ ಕುಲ. ತಲೆ ತಗ್ಗಿಸಿಕೊಂಡು ಹೊಲಿಗೆ ಯಂತ್ರದಂತೆ ಕೆಸರು ಚುಚ್ಚುತ್ತಾ ಹೋಗುವುದು ಸ್ಯಾಂಡ್‌ಪೈಪರ್ ಕುಲ. ಇದೊಂದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಪ್ಲೋವರ್‌ಗಳಲ್ಲಿ ಕತ್ತಿನ ಹಿಂದೆ ಬಿಳಿ ಪಟ್ಟಿ ಇದ್ದರೆ ಕೆಂಟಿಷ್ ಪ್ಲೋವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲೋವರ್. ಹಿಂದೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದು ಒಂದೇ ಆಗಿದ್ದುದನ್ನು 2023ರಲ್ಲಿ ಸೈಬೀರಿಯನ್, ಟಿಬೆಟನ್ ಎಂದು ಎರಡಾಗಿಸಿದ್ದಾರೆ. ಹಳೆಯ ಪುಸ್ತಕ ಇಟ್ಟುಕೊಂಡವರು ಅಂಚಿನಲ್ಲಿ ಬರೆದುಕೊಳ್ಳಿ, ನಮ್ಮ ಕರಾವಳಿಗೂ ಗಲ್ಫಿಗೂ ಬರುವುದು ಮುಖ್ಯವಾಗಿ ಟಿಬೆಟನ್. ದೊಡ್ಡ ಬೂದು ಪ್ಲೋವರ್ ಹಾರಿದಾಗ ರೆಕ್ಕೆಯ ಕಂಕುಳಲ್ಲಿ ಕಪ್ಪು ಕಲೆ ಕಾಣುತ್ತದೆ, ಅಲ್ಲಿಗೆ ಅನುಮಾನ ಮುಗಿಯಿತು.

ಗಾಡ್‌ವಿಟ್ ಎರಡು. ಹಾರುವಾಗ ರೆಕ್ಕೆಯುದ್ದಕ್ಕೂ ಅಗಲ ಬಿಳಿ ಪಟ್ಟೆ, ಬಾಲದಲ್ಲಿ ಕಪ್ಪು ಇದ್ದರೆ ಬ್ಲ್ಯಾಕ್-ಟೇಲ್ಡ್. ರೆಕ್ಕೆಯಲ್ಲಿ ಪಟ್ಟೆ ಇಲ್ಲದೆ ಬೆನ್ನೆಲ್ಲ ಗೀರುಗೀರಾಗಿದ್ದರೆ ಬಾರ್-ಟೇಲ್ಡ್. ರೆಕ್ಕೆಯ ಹಿಂಬದಿಯ ಅಂಚು ಪೂರ್ತಿ ಬಿಳಿ, ಕಾಲು ಕೆಂಪು ಆದರೆ ರೆಡ್‌ಶ್ಯಾಂಕ್. ಕೊಕ್ಕು ಮೇಲಕ್ಕೆ ಬಾಗಿ, ಕಿತ್ತಳೆ ಕಾಲಿನಲ್ಲಿ ಏನೋ ಮರೆತು ಬಂದವರಂತೆ ಓಡಾಡುವುದು ಟೆರೆಕ್.

ಹೆಚ್ಚಿನವರು ಎಡವುವುದು ಡನ್ಲಿನ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್ ನಡುವೆ. ಡನ್ಲಿನ್ ನಮ್ಮ ಕಡೆ ಅಪರೂಪ, ಗಲ್ಫಿನಲ್ಲಿ ಗುಂಪುಗುಂಪಾಗಿರುತ್ತದೆ. ಊರಿನಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ನೋಡಿ ಅಭ್ಯಾಸವಾದವರು ಅಲ್ಲಿ ಕಂಡದ್ದನ್ನೆಲ್ಲ ಅದೇ ಎಂದು ಬರೆಯುತ್ತಾರೆ. ನಿಂತಾಗ ತೂಗಿ ನೋಡಬೇಡಿ, ಹಾರಲಿ: ಬಾಲದ ಬುಡ ಪೂರ್ತಿ ಬಿಳಿ ಇದ್ದರೆ ಕರ್ಲ್ಯೂ ಸ್ಯಾಂಡ್‌ಪೈಪರ್, ಬಿಳಿಯ ನಡುವೆ ಕಪ್ಪು ಗೀಟಿದ್ದರೆ ಡನ್ಲಿನ್. ಅವುಗಳಿಗಿಂತ ಸಣ್ಣದಾಗಿ, ಹುಬ್ಬಿನ ಬಿಳಿ ಗೆರೆ ಎರಡಾಗಿ ಸೀಳಿದ್ದು, ಕೊಕ್ಕಿನ ತುದಿ ಕೆಳಕ್ಕೆ ಮುರಿದಂತಿದ್ದರೆ ಉಸಿರು ಹಿಡಿದು ನೋಡಿ, ಅದು ಬ್ರಾಡ್-ಬಿಲ್ಡ್.

ಮೊದಲ ತಿಂಗಳಿಗೆ ಹದಿನೈದು ಹಕ್ಕಿ ಖಚಿತವಾಗಿ ಗೊತ್ತಾದರೆ ಸಾಕು. ಉಳಿದವನ್ನು ‘ಗುರುತಾಗದ ದಡದ ಹಕ್ಕಿ’ ಎಂದೇ ಬರೆಯಿರಿ, ಅದರಲ್ಲಿ ನಾಚಿಕೆ ಇಲ್ಲ.

ಕಡಲಹಕ್ಕಿಗಳು?

ನಮ್ಮ ಅಳಿವೆಗಳಲ್ಲಿ ಸಾಮಾನ್ಯವಾದ ಬ್ರೌನ್-ಹೆಡೆಡ್ ಕಡಲಹಕ್ಕಿ ಯುಎಇಯಲ್ಲಿ ಅಪರೂಪ. ಅಲ್ಲಿ ಕಣ್ಣಿನ ಹಿಂದೆ ಕಪ್ಪು ಚುಕ್ಕೆ ಇರುವ ಬ್ಲ್ಯಾಕ್-ಹೆಡೆಡ್, ಚುಕ್ಕೆ ಇಲ್ಲದೆ ಹಣೆ ಇಳಿಜಾರಾಗಿ ಕೊಕ್ಕು ಉದ್ದವಿರುವ ಸ್ಲೆಂಡರ್-ಬಿಲ್ಡ್ ಸಾಮಾನ್ಯ. ಬೂದು-ಬಿಳಿಯ ದೊಡ್ಡ ಕಡಲಹಕ್ಕಿಗಳ ಜಾತಿ ನಿರ್ಣಯ ವರ್ಷಗಟ್ಟಲೆಯ ಕೆಲಸ. ಮೊದಲ ಚಳಿಗಾಲದಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಅಲ್ಲಿ ಕಂಡ ಕೊಳದ ಬಕ ನಮ್ಮ ಗದ್ದೆಯದ್ದೇ ಅಲ್ಲವೇ?

ಬಹುಶಃ ಅಲ್ಲ. ಅಲ್ಲಿ ಹೆಚ್ಚು ಸಿಗುವುದು ಸ್ಕ್ವಾಕೊ ಹೆರಾನ್. ನಮ್ಮದೂ ಚಳಿಗಾಲಕ್ಕೆ ಕೆಲವು ಹೋಗುತ್ತವೆ. ಚಳಿಗಾಲದ ಗರಿಯಲ್ಲಿ ಇವೆರಡನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ವಸಂತದ ಗರಿ ಬಂದ ಮೇಲೆ ನಮ್ಮದರ ಬೆನ್ನು ಕಡುಗೆಂಪು, ಅದರದ್ದು ಹೊಂಬಣ್ಣ.

ಇನ್ನು ಮನೆಯ ಬಾಲ್ಕನಿಗೆ ಬರುವ ಕಾಗೆ ನಮ್ಮದೇ. ಹಡಗು ಹತ್ತಿ ಹೋಗಿ ನೆಲೆಸಿದ ಜಾತಿ ಅದು, ಅಲ್ಲಿ ಅದನ್ನು ಉಪದ್ರವವೆಂದೇ ಎಣಿಸುತ್ತಾರೆ. ಟಿಟ್ಟಿಭ, ನೀಲಕಂಠ, ಮೈನಾಗಳೂ ಸಿಗುತ್ತವೆ. ಸಿಗದಿರುವುದು ನಮ್ಮ ಬಿಳಿ ಹೊಟ್ಟೆಯ ಕಡಲ ಗಿಡುಗ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಪಕ್ಷಿಯೆಂದು ಅದನ್ನು ಘೋಷಿಸಿಕೊಂಡಿತು. ಗಲ್ಫಿನ ತೀರದಲ್ಲಿ ಮೀನು ಹಿಡಿಯುವ ದೊಡ್ಡ ಹಕ್ಕಿ ಕಂಡರೆ ಅದು ಆಸ್ಪ್ರೇ.

ರಾಜಹಂಸಗಳಲ್ಲಿ ಕೆಲವು ಬೂದು ಬಣ್ಣದವು ಕಾಯಿಲೆಯವೇ?

ಅಲ್ಲ, ಮರಿಗಳು. ಗುಲಾಬಿ ಬಣ್ಣ ಬರುವುದು ತಿನ್ನುವ ಆಹಾರದ ಕ್ಯಾರೊಟಿನಾಯ್ಡ್‌ಗಳಿಂದ, ಉಪ್ಪುನೀರಿನ ಆರ್ಟೀಮಿಯಾ ಸಿಗಡಿಯಲ್ಲಿ ಅದು ಹೇರಳ. ಪೂರ್ತಿ ಬಣ್ಣ ಏರಲು ಕೆಲವು ವರ್ಷ ಬೇಕು. ಕಾಲಿನಲ್ಲಿ ಅಕ್ಷರವಿರುವ ಪ್ಲಾಸ್ಟಿಕ್ ಉಂಗುರ ಕಂಡರೆ ಉಂಗುರದ ಬಣ್ಣ, ಅಕ್ಷರದ ಬಣ್ಣ, ಎಡವೋ ಬಲವೋ ಎಂದು ಬರೆದುಕೊಳ್ಳಿ. ಅಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ‘ಎಡ’ ಎಂದರೆ ಹಕ್ಕಿಯ ಎಡ, ನಿಮ್ಮದಲ್ಲ.

ಸಾವಿರಗಟ್ಟಲೆ ಹಕ್ಕಿಗಳನ್ನು ಎಣಿಸುವುದು ಹೇಗೆ?

ಹತ್ತು ಹಕ್ಕಿಗಳನ್ನು ನಿಜವಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಿನಲ್ಲಿಟ್ಟುಕೊಂಡು ನೂರರ ತುಂಡು ಮಾಡಿ, ಆ ತುಂಡನ್ನು ಗುಂಪಿನ ಮೇಲೆ ಒಂದೊಂದಾಗಿ ಇಡುತ್ತಾ ಹೋಗಿ. ಗುಂಪಿನ ನಡು ದಟ್ಟ, ಅಂಚು ವಿರಳ. ಅಂಚಿನ ಅಳತೆಯಿಂದ ನಡುವನ್ನು ಎಣಿಸಿದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಮೊದಲು ಒಟ್ಟು ಎಣಿಕೆ, ಅನಂತರ ನಾಲ್ಕೈದು ಕಡೆ ನೂರು ನೂರು ಹಕ್ಕಿಗಳಲ್ಲಿ ಯಾವ ಜಾತಿ ಎಷ್ಟು ಎಂಬ ಪಾಲು. ಫೋಟೊ ತೆಗೆದು ಮನೆಯಲ್ಲಿ ಎಣಿಸಿ ಹೋಲಿಸಿದರೆ ನಿಮ್ಮ ಕಣ್ಣು ಎಷ್ಟು ತಪ್ಪುತ್ತದೆ ಎಂದು ತಿಳಿಯುತ್ತದೆ.

ಪಟ್ಟಿಯನ್ನು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕುವಾಗ ಕಾಗೆ, ಪಾರಿವಾಳ ಬಿಡದೆ ಪೂರ್ಣ ಪಟ್ಟಿ ಕೊಡಿ. ಪ್ರತಿ ಹೈಡಿಗೆ ಬೇರೆ ಪಟ್ಟಿ. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನಲ್ಲಿ ಆ ಪ್ರದೇಶದ ಪ್ಯಾಕ್ ಮೊದಲೇ ಇಳಿಸಿಕೊಂಡಿರಿ, ಭಾರತದ ಪ್ಯಾಕ್ ಮಾತ್ರ ಇದ್ದರೆ ಸ್ಕ್ವಾಕೊವನ್ನೂ ಅದು ಕೊಳದ ಬಕ ಎಂದೇ ಹೇಳೀತು.

ಮಗ ಕಾರು ತೆಗೆದುಕೊಂಡು ಹೋಗುತ್ತಾನೆ. ನಾವು ಹೋಗುವುದು ಹೇಗೆ?

ಹೋಗಲು ಟ್ಯಾಕ್ಸಿ ಸುಲಭ, ಬರಲು ಕಷ್ಟ. ಜೌಗಿನ ಬದಿಯ ವೇಗದ ರಸ್ತೆಗಳಲ್ಲಿ ಖಾಲಿ ಟ್ಯಾಕ್ಸಿ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಕರೆಯುವ ಆ್ಯಪ್ ಮೊದಲೇ ಹಾಕಿಸಿ, ಹೈಡಿನ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಸಿಕೊಳ್ಳಿ. ಹೆದ್ದಾರಿ ದಾಟುವ ಸಾಹಸ ಬೇಡವೇ ಬೇಡ. ಭಾಷೆಯ ಚಿಂತೆ ಇಲ್ಲ. ಹಿಂದಿ ಅಥವಾ ಮಲಯಾಳದಲ್ಲಿ ಕೆಲಸ ನಡೆಯುತ್ತದೆ, ಚಾಲಕ ಉಪ್ಪಳದವನೇ ಆಗಿದ್ದರೂ ಆಶ್ಚರ್ಯವಿಲ್ಲ.

ದುರ್ಬೀನು ಹಿಡಿದು ನಿಂತರೆ ಪೊಲೀಸರು ಕೇಳುತ್ತಾರೆಯೇ?

ರಕ್ಷಿತ ವನದಲ್ಲಿ ಇಲ್ಲ. ಆದರೆ ಬಂದರು, ವಿಮಾನ ನಿಲ್ದಾಣ, ಸೇನೆಯ ಜಾಗ, ಕರಾವಳಿ ಕಾವಲು ಪಡೆಯ ಕಟ್ಟಡ, ಅರಮನೆಗಳ ಕಡೆಗೆ ದುರ್ಬೀನನ್ನಾಗಲಿ ಕ್ಯಾಮೆರಾವನ್ನಾಗಲಿ ತಿರುಗಿಸಲೇಬಾರದು. ಒಪ್ಪಿಗೆ ಇಲ್ಲದೆ ಅನ್ಯರ, ಅದರಲ್ಲೂ ಹೆಂಗಸರ ಮಕ್ಕಳ ಫೋಟೊ ತೆಗೆಯುವುದು ಯುಎಇಯಲ್ಲಿ ಅಪರಾಧ. ಸಮುದ್ರತೀರದಲ್ಲಿ ಕಡಲಹಕ್ಕಿಯ ಚಿತ್ರ ತೆಗೆಯುವಾಗ ಹಿನ್ನೆಲೆಯಲ್ಲಿ ಯಾರಿದ್ದಾರೆ ಎಂದು ನೋಡಿ. ಅನುಮತಿ ಇಲ್ಲದೆ ಡ್ರೋನ್ ಬೇಡ. ಯಾರಾದರೂ ಕೇಳಿದರೆ ಹಕ್ಕಿ ಪುಸ್ತಕ ತೆರೆದು ತೋರಿಸಿ, ಅದಕ್ಕಿಂತ ಒಳ್ಳೆಯ ಗುರುತುಚೀಟಿ ಇಲ್ಲ.

ಕೆಸರಿಗೆ ಇಳಿದು ಹತ್ತಿರ ಹೋಗಬಹುದೇ?

ಬೇಡ. ನೂರು ಮೀಟರ್ ದೂರ ಇರಲಿ. ಮೇಯುವುದು ನಿಲ್ಲಿಸಿ ತಲೆ ಎತ್ತಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದರ್ಥ, ನಡೆಯತೊಡಗಿದರೆ ಹಿಂದೆ ಸರಿಯಿರಿ. ಹಾರಿದ ಪ್ರತಿ ಸಲವೂ ವಸಂತದ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಕರಗುತ್ತದೆ.

ನಿಮ್ಮ ಅಪಾಯವೂ ಉಂಟು. ಸಬ್ಖಾ ಎಂಬ ಉಪ್ಪು ಬಯಲು ಮೇಲೆ ಗಟ್ಟಿ ಹಪ್ಪಳ, ಅಡಿಯಲ್ಲಿ ಅಂಟು ಕೆಸರು. ಒಣಗಿದಂತೆ ಕಂಡರೂ ಕಾರು ಅಚ್ಚಿನವರೆಗೆ ಹೂತುಕೊಳ್ಳುತ್ತದೆ, ಮರಳಿನಲ್ಲಿ ಮಾಡುವಂತೆ ಟೈರಿನ ಗಾಳಿ ಇಳಿಸಿದರೂ ಪ್ರಯೋಜನವಿಲ್ಲ. ಮೊದಲೇ ಬಿದ್ದ ಗಾಡಿಜಾಡು ಬಿಟ್ಟು ಹೋಗಬಾರದು, ಮಳೆ ಬಂದ ವಾರದಲ್ಲಿ ಜಾಡಿನಲ್ಲೂ ಹೋಗಬಾರದು.

ಏನು ಹಾಕಿಕೊಳ್ಳಬೇಕು, ಏನು ಒಯ್ಯಬೇಕು?

ಜನವರಿಯ ಬೆಳಗ್ಗೆ ಗಾಳಿ ಇದ್ದರೆ ನಮ್ಮವರಿಗೆ ಚಳಿ ತಾಗುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಹತ್ತರ ಮೇಲೆ ಕಳಚಿಡಲು ಚೀಲ. ಬಿಳಿ ಪಂಚೆ-ಅಂಗಿ ತೆರೆದ ಬಯಲಿನಲ್ಲಿ ಎದ್ದು ಕಾಣುತ್ತದೆ, ಮಣ್ಣಿನ ಬಣ್ಣದ್ದು ಒಳ್ಳೆಯದು. ಒಬ್ಬರಿಗೆ ಒಂದೂವರೆ ಲೀಟರ್ ನೀರು. ಸಕ್ಕರೆ ಕಾಯಿಲೆಯವರು ಭರತದ ಗಂಟೆಗಾಗಿ ಊಟದ ಗಂಟೆ ತಪ್ಪಿಸಬಾರದು. ಶೌಚಾಲಯಕ್ಕೆ ದಾರಿಯ ಪೆಟ್ರೋಲ್ ಬಂಕನ್ನು ನೋಡಿಟ್ಟುಕೊಳ್ಳಿ.

ಎಲೆ-ಅಡಿಕೆಯ ಚೀಲ ಊರಿನಲ್ಲೇ ಬಿಡಿ. ವೀಳ್ಯದೆಲೆ ಸಮೇತ ಪಾನ್ ಸಾಮಾನು ಯುಎಇಯಲ್ಲಿ ನಿಷಿದ್ಧ. ಗಸಗಸೆಯೂ ಹಾಗೆಯೇ, ಪಾಯಸಕ್ಕೆಂದು ಒಂದು ಚಮಚ ಇದ್ದರೂ ತೊಂದರೆ. ಕೊಡೀನ್, ಟ್ರಮಡಾಲ್ ಸೇರಿದ ನೋವಿನ, ಕೆಮ್ಮಿನ ಮದ್ದುಗಳಿಗೆ ಮುಂಚಿತ ಅನುಮತಿ ಬೇಕು. ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಅವುಗಳ ಸ್ಟ್ರಿಪ್ಪಿನಲ್ಲೇ ಒಯ್ಯಿರಿ, ಡಬ್ಬಿಗೆ ಸುರಿದುಕೊಂಡಲ್ಲ.

ರಮ್ಜಾನ್ ತಿಂಗಳು ಬಂದರೆ?

2026ರಲ್ಲಿ ಫೆಬ್ರವರಿ ಮೂರನೇ ವಾರದಲ್ಲಿ ಶುರು, ಮುಂದಿನ ಪ್ರತಿ ವರ್ಷ ಸುಮಾರು 11 ದಿನ ಮೊದಲು. ರಕ್ಷಿತ ವನಗಳ ಸಮಯ ಬದಲಾಗುತ್ತದೆ. ಹಗಲಿನಲ್ಲಿ ಹೈಡಿನೊಳಗೆ ಬುತ್ತಿ ಬಿಚ್ಚಬೇಡಿ. ಇಫ್ತಾರಿಗೆ ಮುಂಚಿನ ಅರ್ಧ ಗಂಟೆ ರಸ್ತೆಯಲ್ಲಿ ಆತುರದ ಗಾಡಿಗಳು ಹೆಚ್ಚು, ಟ್ಯಾಕ್ಸಿ ಸಿಗುವುದೂ ಕಷ್ಟ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಹೊರಟುಬಿಡಿ.

ದುರ್ಬೀನಿನ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಏನು ಮಾಡಬೇಕು?

ಅದು ಉಪ್ಪು. ಪಂಚೆಯ ತುದಿಯಿಂದ ಒರೆಸಿದರೆ ಉಪ್ಪಿನ ಹರಳು, ಮರಳು ಸೇರಿ ಗಾಜಿನ ಲೇಪ ಗೀರಿಹೋಗುತ್ತದೆ. ರಬ್ಬರಿನ ಊದುಬುರುಡೆಯಿಂದ ಮೊದಲು ಧೂಳು ಊದಿ, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೃದು ಬಟ್ಟೆಯನ್ನು ಒತ್ತದೆ ಆಡಿಸಿ, ಕೊನೆಗೆ ಲೆನ್ಸ್ ಬಟ್ಟೆಯಿಂದ ಒಣಗಿಸಿ. ಹೊರಗಿನ ಮೈ, ಕೀಲುಗಳನ್ನೂ ಪ್ರತಿ ಭೇಟಿಯ ರಾತ್ರಿ ಒರೆಸಿ, ಉಪ್ಪು ಕೂತರೆ ನಡುವಿನ ಚಕ್ರ ಬಿಗಿಯುತ್ತದೆ.

ನಿಜವಾದ ಹಾನಿ ಆಗುವುದು ಊರಿಗೆ ಬಂದ ಮೇಲೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಾಸರಗೋಡಿನ ಗಾಳಿಯಲ್ಲಿ ಬಟ್ಟೆಯ ಚೀಲದೊಳಗಿಟ್ಟ ದುರ್ಬೀನಿಗೆ ಬೂಸು ಹಿಡಿಯದೆ ಇರದು, ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಜೊತೆಗೆ ತೇವ ತೋರಿಸುವ ಸಣ್ಣ ಮಾಪಕವನ್ನೂ ಹಾಕಿ. ಮುಳ್ಳು 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ಒಣಗಿಸುವುದು ರಬ್ಬರಿಗೆ ಒಳ್ಳೆಯದಲ್ಲ. ಹರಳಿನ ಬಣ್ಣ ಬದಲಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೊದಲಿನ ಬಣ್ಣ ಮರಳುವವರೆಗೆ ಬಿಸಿ ಮಾಡಿ, ಪೂರ್ತಿ ಆರಿಸಿ ಮತ್ತೆ ಡಬ್ಬಿಗೆ ಹಾಕಿ. ಆ ಬಾಣಲೆ ಅಡುಗೆಗೆ ಬೇಡ. ಸೋಣೆಯ ಬಿಸಿಲು ಬಂದ ದಿನ ದುರ್ಬೀನನ್ನು ಹೊರತೆಗೆದು, ನೇರ ಬಿಸಿಲು ಬೀಳದ ಜಗಲಿಯಲ್ಲಿ ಒಂದು ಗಂಟೆ ಗಾಳಿಗಿಡಿ.